ಸೌಂಡಿಗೆ ದುಡ್ಡು ಕೊಟ್ಟೆ ಅಂತ ಹೇಳಿಬಿಡಿ ಮಾರಾಯ್ರೆ

25 ಎಚ್‌ಪಿ ಅಂತೆ. ಎಂಜಿನ್‌ಗೆ ಗಾಳಿ ಎಳೆಯುವ ಇಂಟೇಕ್ ಕಿಟ್ ಅಂತ ಮಾರುವ ಒಂದು ಪೈಪು, ಒಂದು ಫಿಲ್ಟರು, ನಾಲ್ಕು ಕ್ಲಿಪ್ಪು. ಅಷ್ಟಕ್ಕೇ 25 ಎಚ್‌ಪಿ ಜಾಸ್ತಿ ಬರುತ್ತದಂತೆ.

ಅಣ್ಣನ ಮಗ ಬೆಂಗಳೂರಿಂದ ಕುಮಟೆಗೆ ಬಂದಿದ್ದಾನೆ. ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ ತಗೊಂಡಿದ್ದಾನೆ. 2017ರ ಮಾಡೆಲ್, 2 ಲೀಟರ್ ಟರ್ಬೊ, ಕಂಪನಿಯಿಂದಲೇ 230 ಪಿಎಸ್ (ಹತ್ತಿರ ಹತ್ತಿರ ಎಚ್‌ಪಿಯಷ್ಟೇ) ಕೊಡುವ ಗಾಡಿ. ನನಗೆ ಹೊಟ್ಟೆಕಿಚ್ಚಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾನೆಟ್ ಎತ್ತಿದರೆ ಕಂಪನಿಯ ಏರ್‌ಬಾಕ್ಸ್, ಅಂದರೆ ಏರ್ ಫಿಲ್ಟರ್ ಕೂರುವ ಡಬ್ಬಿ, ನಾಪತ್ತೆ. ಅದರ ಜಾಗದಲ್ಲಿ ಒಂದು ಕೆಂಪು ಕೋನ್ ಫಿಲ್ಟರ್, ಸುತ್ತ ಮರೆ ಇಲ್ಲ, ಏನಿಲ್ಲ. 45 ಸಾವಿರ ಕೊಟ್ಟಿದ್ದಾನೆ. ಗಾಡಿಯ ಶಕ್ತಿ ಅಳೆಯುವ ಯಂತ್ರ, ಡೈನೋ ಮೇಲೆ ಹತ್ತಿಸಿ ಅಳೆದು ತೋರಿಸಿದರಾ ಅಂತ ಕೇಳಿದೆ. "ಅದೆಲ್ಲ ಬೇಡ ಅತ್ತೆ, ಓಡಿಸಿದ್ರೆ ಗೊತ್ತಾಗ್ತದೆ" ಅಂದ.

ಗೊತ್ತಾಗ್ತದಂತೆ!

ನಾನು ಕಾರವಾರದಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಬೆಳೆದವಳು, ಈಗ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವಳು ಅಂತ ನಿಮಗೆಲ್ಲ ಗೊತ್ತು. ಇವೆರಡೂ ಸೇರಿದ ಕಡೆ ಯಾರಾದರೂ ಸುಳ್ಳು ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಡದವರು ಮುಂದೆ ಹೋಗಿ.

ಲೆಕ್ಕ ಸುಲಭ. 230ಕ್ಕೆ 25 ಸೇರಬೇಕಾದರೆ ಎಂಜಿನ್‌ಗೆ ಹತ್ತಿರ ಹತ್ತಿರ ಶೇ. 11ರಷ್ಟು ಜಾಸ್ತಿ ಗಾಳಿ ಹೋಗಬೇಕು. ಬರೀ ಫಿಲ್ಟರ್ ಬದಲಿಸಿ ಅಷ್ಟು ಸಿಗುತ್ತದೆ ಅಂದರೆ, ಕಂಪನಿಯ ಎಂಜಿನಿಯರುಗಳು ಅಷ್ಟೂ ಗಾಳಿಯನ್ನು ದಾರಿಯಲ್ಲೇ ತಡೆದು ಕೂತಿದ್ದರು ಅಂತಾಯ್ತು. ಯಾಕೆ ತಡೆಯುತ್ತಾರೆ? ಅವರಿಗೇನು ನಮ್ಮ ಹುಡುಗನ ಮೇಲೆ ದ್ವೇಷವೇ? ಟರ್ಬೊ ಗಾಡಿಯಲ್ಲಿ ಇನ್ನೊಂದು ವಿಷಯ ಇದೆ. ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು (ಅದೇ ಬೂಸ್ಟ್) ಅನ್ನುವುದನ್ನು ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ತೀರ್ಮಾನ ಮಾಡುತ್ತದೆ. ಗಾಳಿಯ ದಾರಿ ಸ್ವಲ್ಪ ಸಲೀಸಾದರೆ ಟರ್ಬೊಗೆ ಸ್ವಲ್ಪ ಕಷ್ಟ ಕಡಿಮೆ, ಅಷ್ಟೆ. ಬೂಸ್ಟ್ ಗುರಿ ಮೊದಲು ಎಲ್ಲಿತ್ತೋ ಈಗಲೂ ಅಲ್ಲೇ. ರಿಮ್ಯಾಪ್ ಮಾಡದೆ, ಅಂದರೆ ಆ ಕಂಪ್ಯೂಟರಿನ ಪ್ರೋಗ್ರಾಂ ತಿದ್ದದೆ, ಆ ಗುರಿ ಬದಲಾಗುವುದಿಲ್ಲ. ಇವನು ರಿಮ್ಯಾಪ್ ಮಾಡಿಸಿಲ್ಲ.

ಸಾಯಂಕಾಲ ಶಿರಸಿ ದಾರಿಯ ದೇವಿಮನೆ ಘಟ್ಟದ ಕಡೆ ಹೋದೆವು. ಅವನ ಕಾಲು ಎಕ್ಸಲೇಟರ್ ಮೇಲೆ, ಕಿವಿ ಫಿಲ್ಟರ್ ಮೇಲೆ. ಮುಂದೆ ಲಾರಿ, ಅದರ ಮುಂದೆ ಇನ್ನೊಂದು ಲಾರಿ, ಪ್ರತಿ ತಿರುವಿಗೂ ಬ್ರೇಕ್. ಅರ್ಧ ಎಕ್ಸಲೇಟರ್ ಒತ್ತುವಷ್ಟು ಜಾಗ ಎಲ್ಲೂ ಸಿಗಲಿಲ್ಲ. 2 ಲೀಟರ್ ಎಂಜಿನ್, ಟರ್ಬೊ ಬಿಟ್ಟು ಲೆಕ್ಕ ಹಾಕಿದರೂ, 6000 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಸುಮಾರು 100 ಲೀಟರ್ ಗಾಳಿ ಎಳೆಯುತ್ತದೆ. ಫಿಲ್ಟರ್ ಎಷ್ಟು ತಡೆಯುತ್ತದೆ ಅನ್ನುವ ಪ್ರಶ್ನೆ ಬರುವುದೇ ಅಲ್ಲಿ. ಲಾರಿ ಹಿಂದೆ 2000 ಆರ್‌ಪಿಎಂನಲ್ಲಿ ಹೋಗುವಾಗ ಗಾಳಿಯನ್ನು ತಡೆದು ನಿಲ್ಲಿಸಿರುವುದು ಫಿಲ್ಟರ್ ಅಲ್ಲ, ಅದರ ಮುಂದಿರುವ ಥ್ರೋಟಲ್. ಅಂದರೆ ನಿಮ್ಮದೇ ಕಾಲು. ಅಲ್ಲಿ ಫಿಲ್ಟರ್ ಕಿತ್ತು ಬಿಸಾಕಿದರೂ ವ್ಯತ್ಯಾಸ ಇಲ್ಲ.

ಆದರೂ ಪ್ರತಿ ಸಲ ಎಕ್ಸಲೇಟರ್ ಒತ್ತಿದಾಗ ಸುಸ್ಸ್ ಅಂತ ಒಂದು ಎಳೆತ, ಬಿಟ್ಟಾಗ ಪ್ಸ್ಸ್ ಅಂತ ಒಂದು ಉಸಿರು. "ಪಿಕಪ್ ನೋಡು ಅತ್ತೆ!" ಅಂತಾನೆ. ಪಿಕಪ್ ಅಲ್ಲ ಮಗಾ, ಸದ್ದು. ಕಂಪನಿಯವರು ಏರ್‌ಬಾಕ್ಸನ್ನು ಡಬ್ಬಿ ಥರ ಮುಚ್ಚಿ, ಪೈಪಿಗೆ ರೆಸೊನೇಟರ್ ಕೂರಿಸಿ ಈ ಸದ್ದನ್ನು ಅಡಗಿಸಿದ್ದರು. ನೀನು ಬಿಚ್ಚಿ ಹೊರಗೆ ಬಿಟ್ಟೆ. ಕಿವಿಗೆ ಬಿದ್ದದ್ದನ್ನು ಬೆನ್ನಿಗೆ ತಾಗಿತು ಅಂದುಕೊಳ್ಳುತ್ತಿದ್ದೀಯ.

ಈ ಬೆನ್ನಿನ ಅಳತೆಯ ಕಥೆ ಕೇಳಿ. ಟರ್ಬೊ ಇಲ್ಲದ ಗಾಡಿಯಲ್ಲಿ ಕುಮಟೆಯಿಂದ ಶಿರಸಿಗೆ ಹೋದರೆ ಹತ್ತಿರ ಹತ್ತಿರ 600 ಮೀಟರ್ ಮೇಲೇರುತ್ತೀರಿ. ಅಲ್ಲಿ ಗಾಳಿ ಶೇ. 5ರಿಂದ 6ರಷ್ಟು ತೆಳು, ಎಂಜಿನ್ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ನೀಲೇಕಣಿ ದಾಟಿ ಶಿರಸಿ ಪೇಟೆಗೆ ಹೋಗುವಾಗ "ಅಯ್ಯೋ, ನನ್ನ ಗಾಡಿ ಸೊರಗಿತು" ಅಂದವರನ್ನು ಒಬ್ಬರನ್ನಾದರೂ ನೋಡಿದ್ದೀರಾ? ಅಷ್ಟು ಹೋದದ್ದು ತಿಳಿಯದ ಬೆನ್ನಿಗೆ ಫಿಲ್ಟರ್‌ನಿಂದ ಒಂದೆರಡು ಬಂದದ್ದು ಮಾತ್ರ ತಿಳಿಯುತ್ತದಂತೆ.

ಇನ್ನು ಬಿಸಿ. ಕೋನ್ ಫಿಲ್ಟರ್ ಬಾನೆಟ್ ಒಳಗೆ ಬರಿಮೈಯಲ್ಲಿ ಕೂತರೆ ಅದು ಕುಡಿಯುವುದು ಎಂಜಿನ್ ಬಿಸಿ ಮಾಡಿದ ಗಾಳಿಯನ್ನೇ. ಹೊರಗೆ 30 ಡಿಗ್ರಿ, ಘಟ್ಟದಲ್ಲಿ ತೆವಳುವಾಗ ಬಾನೆಟ್ ಒಳಗೆ 60 ಡಿಗ್ರಿ ಅಂತಿಟ್ಟುಕೊಳ್ಳಿ. ಗಾಳಿ ಶೇ. 9ರಷ್ಟು ತೆಳು ಆಯಿತು. ವೇಗ ಹಿಡಿದಾಗ ಈ ಅಂತರ ಕಡಿಮೆ ಆಗುತ್ತದೆ, ಟರ್ಬೊದಿಂದ ಬಂದ ಗಾಳಿ ತಣಿಸುವ ಇಂಟರ್‌ಕೂಲರ್ ಒಂದಷ್ಟು ಸರಿ ಮಾಡುತ್ತದೆ, ಒಪ್ಪಿದೆ. ಆದರೆ ತೆಗೆದು ಬಿಸಾಕಿದ ಡಬ್ಬಿ ಮುಂದಿನ ಗ್ರಿಲ್ ಹಿಂದಿನಿಂದ ನೇರ ತಣ್ಣನೆ ಗಾಳಿ ಎಳೆಯುತ್ತಿತ್ತಲ್ಲ! ಇದ್ದ ಕೋಲ್ಡ್ ಏರ್ ಇಂಟೇಕ್ ತೆಗೆದು, ಬಿಸಿ ಗಾಳಿಯದ್ದು ಹಾಕಿಸಿ, ಅದಕ್ಕೆ 45 ಸಾವಿರ ಕೊಟ್ಟು, ಮೇಲೆ ಸೆಲ್ಫಿ.

"ಹಾಗಾದ್ರೆ ಫಿಲ್ಟರನ್ನು ಕೆಳಗೆ ಬಂಪರ್ ಹತ್ತಿರ ಇಳಿಸ್ತೇನೆ, ಅಲ್ಲಿ ತಣ್ಣಗಿರ್ತದೆ" ಅಂದ. ನನ್ನ ತಲೆ ಕೆಟ್ಟಿತು. ಇದು ಉತ್ತರ ಕನ್ನಡ. ಜೂನ್ ಬಂದರೆ ಹೆದ್ದಾರಿಯಲ್ಲೇ ನೀರು ನಿಲ್ಲುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಇವನ ಎಂಜಿನ್‌ನ ಒಂದು ಸಿಲಿಂಡರ್ 500 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 60 ಮಿ.ಲೀ. ಸುತ್ತಮುತ್ತ. ಅಂಗಡಿಯ ಅರ್ಧ ಚಹಾದಷ್ಟು ನೀರು ಒಳಗೆ ಹೋದರೆ ಮುಗಿಯಿತು, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಸೇರಿಸದ ಸಾದಾ ವಿಮೆಯಲ್ಲಿ ಇದಕ್ಕೆ ದುಡ್ಡು ಸಿಗುವುದು ಕಷ್ಟ. ಸೇರಿಸಿದ್ದರೂ, ತಿಳಿಸದೆ ಮಾಡಿಸಿದ ಮಾಡಿಫಿಕೇಶನ್ ಅಂತ ಸರ್ವೇಯರ್ ತಕರಾರು ತೆಗೆಯಬಹುದು.

ಧೂಳಿನ ಮಾತೂ ಇದೆ. ಅಪ್ಪನ ಗ್ಯಾರೇಜಿಗೆ ಅದಿರು ಲಾರಿಗಳು ಬರುತ್ತಿದ್ದವು. ಅವುಗಳ ಆಯಿಲ್ ಬಾತ್ ಫಿಲ್ಟರ್ (ಧೂಳನ್ನು ಎಣ್ಣೆಯಲ್ಲಿ ಹಿಡಿಯುವಂಥದ್ದು) ಬಿಚ್ಚಿದರೆ ತಳದಲ್ಲಿ ಕೆಂಪು ರಾಡಿ. ಅದನ್ನು ಬಳಿದು ತೆಗೆಯುವ ಕೆಲಸ ನನ್ನದು. ಅವತ್ತಿನಿಂದ ನನ್ನ ಮಟ್ಟಿಗೆ ಫಿಲ್ಟರ್ ಇರುವುದು ಧೂಳು ತಡೆಯಲಿಕ್ಕೆ. ಉಳಿದದ್ದೆಲ್ಲ ಆಮೇಲೆ. ತೊಳೆದು ಮತ್ತೆ ಹಾಕುವ ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಚ್ಚಿದರೆ, ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ ಅದರ ತಂತಿಗೆ ಎಣ್ಣೆ ಅಂಟಿ ಲೆಕ್ಕ ತಪ್ಪುತ್ತದೆ. ಮೈಲೇಜ್ ಜಾಸ್ತಿ ಅನ್ನುವವರಿಗೆ ಒಂದೇ ಮಾತು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಫಿಲ್ಟರ್ ಕಟ್ಟಿಕೊಳ್ಳುವ ಹಾಗೆ ಬೇಕಂತಲೇ ಮಾಡಿ ನೋಡಿದರು. ಇಂಜೆಕ್ಷನ್ ಇರುವ ಈಗಿನ ಕಾರುಗಳಲ್ಲಿ ಮೈಲೇಜ್‌ಗೆ ಹೇಳುವಂಥ ವ್ಯತ್ಯಾಸ ಬರಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಹೊಲಸು ಫಿಲ್ಟರ್ ಹಾಕಿದರೇ ಮೈಲೇಜ್ ಇಳಿಯದಿದ್ದರೆ, ಚೆಂದದ್ದು ಹಾಕಿದರೆ ಹೇಗೆ ಏರುತ್ತದೆ?

ಹಾಂ, ಗೊತ್ತು. "ಮೇಡಂ, ಸ್ಟೇಜ್ 2 ಟ್ಯೂನ್‌ಗೆ ಇಂಟೇಕ್ ಬೇಕೇ ಬೇಕು" ಅಂತ ಒಬ್ಬ ಬಂದೇ ಬರುತ್ತಾನೆ. ನಿಜ. ಟ್ಯೂನ್ ಮಾಡಿ ಬೂಸ್ಟ್ ಏರಿಸಿ, ಎಕ್ಸಾಸ್ಟ್ ಬದಲಿಸಿ, ದೊಡ್ಡ ಟರ್ಬೊ ಕೂರಿಸಿದರೆ ಹಳೆ ಡಬ್ಬಿ ಸಾಲದೆ ಬರಬಹುದು. ಆಗ ಮುಚ್ಚಿದ ಬಾಕ್ಸ್ ಇರುವ ಒಳ್ಳೆ ಇಂಟೇಕ್ ಹಾಕಿಸಿ, ನಾನೇ ಬಂದು ಬೋಲ್ಟ್ ಬಿಗಿಯುತ್ತೇನೆ. ಆದರೆ ನೀವು ಅದ್ಯಾವುದನ್ನೂ ಮಾಡಿಸಿಲ್ಲ. ಮಾಡಿಸಿದರೂ ಅದನ್ನು ಎಲ್ಲಿ ಓಡಿಸುತ್ತೀರಿ? ಅಂಕೋಲೆ ಪೇಟೆಯಲ್ಲಾ?

ನನಗೂ ಆ ಸದ್ದು ಇಷ್ಟ. ಘಟ್ಟ ಇಳಿಯುವಾಗ ಸ್ಟೇರಿಂಗ್ ಕೇಳಿ ತಗೊಂಡೆ. ಕಿಟಕಿ ಇಳಿಸಿ, ಸುಮ್ನೆ ಗೇರ್ ಇಳಿಸಿ ಇಳಿಸಿ ಪ್ಸ್ಸ್ ಅನ್ನಿಸಿದೆ. ಅಣ್ಣನ ಮಗ ನಗುತ್ತಿದ್ದ. ಸದ್ದಿಗೆ ಅಂತಲೇ 45 ಸಾವಿರ ಕೊಟ್ಟಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಜನ ಸ್ಪೀಕರ್‌ಗೆ ಅದಕ್ಕಿಂತ ಜಾಸ್ತಿ ಸುರಿಯುತ್ತಾರೆ. ಸದ್ದನ್ನು ಎಚ್‌ಪಿ ಅಂತ ಹೇಳಿ ಮಾರುವುದೇ ನನಗೆ ಆಗಿಬರುವುದಿಲ್ಲ. ಅದೂ ಇಳಿಜಾರಿನಲ್ಲಿ ಬ್ರೇಕ್ ಕಾದು ವಾಸನೆ ಬರುತ್ತಿದ್ದ ಗಾಡಿಗೆ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂದರೆ ಅವನಿಗೆ ಗೊತ್ತಿಲ್ಲ. ಟಯರ್ ಮೇಲಿನ ತಯಾರಿ ವರ್ಷ ಓದಿಲ್ಲ. ಆ ಅಂಗಡಿಯವರೂ ಹೇಳಿಲ್ಲ. ಹೇಳಿದರೆ ಅವರಿಗೆ ಲಾಭ ಎಲ್ಲಿ?

ಕಮೆಂಟಿಗೆ ಬರುವವರಿಗೆ ಒಂದು ಮಾತು. ಒಂದೇ ಗಾಡಿ, ಒಂದೇ ದಿನ, ಒಂದೇ ಡೈನೋ, ಹಾಕುವ ಮೊದಲು ಮೂರು ಸಲ, ಹಾಕಿದ ಮೇಲೆ ಮೂರು ಸಲ ಅಳೆದ ಶೀಟ್ ಇದ್ದರೆ ಹಾಕಿ. ಏನೂ ಬದಲಿಸದೆ ಬರೀ ಎಂಜಿನ್ ಕಾದದ್ದಕ್ಕೇ ಡೈನೋ ಅಂಕಿ ಆಚೀಚೆ ಆಗುತ್ತದೆ, ಅದಕ್ಕೇ ಮೂರು ಸಲ ಅಂದದ್ದು. ಶೀಟ್ ಹಾಕಿದವರಿಗೆ ಕೂತು ಉತ್ತರ ಬರೆಯುತ್ತೇನೆ. "ಓಡಿಸಿ ನೋಡಿ ಮೇಡಂ" ಅನ್ನುವವರು ಕಾಯಬೇಡಿ, ನನಗೆ ಪೇಪರ್ ತಿದ್ದಲಿಕ್ಕಿದೆ.