ಸತ್ಯಾಂಶ: ಗಾಮಾ ಕಿರಣಕ್ಕೆ ಹೆದರಿ ಮೊಬೈಲ್ ಆಫ್ ಮಾಡಬೇಕಾ?

"ಇವತ್ತು ರಾತ್ರಿ ಗಾಮಾ ಕಿರಣ ಬರುತ್ತೆ, ಮೊಬೈಲ್ ದೂರ ಇಡಿ" ಅನ್ನೋ ಮೆಸೇಜ್ ಕೋಲಾರದ ನಮ್ಮ ಗ್ರೂಪಿಗೂ ಬಂತು. ಇದು ಸುಳ್ಳು. ಗಾಮಾ ಕಿರಣ ಅಂದರೆ ಎಕ್ಸ್-ರೇಗಿಂತಲೂ ಹೆಚ್ಚು ಶಕ್ತಿಯ ಬೆಳಕು; ದೂರದ ದೊಡ್ಡ ನಕ್ಷತ್ರ ಸಾಯುವಾಗ ಅದು ಒಮ್ಮೆಲೇ ಚಿಮ್ಮುವುದೇ ಗಾಮಾ ಸ್ಫೋಟ. ಅದನ್ನು ಮೊದಲೇ ಹೇಳಲು ಯಾರಿಂದಲೂ ಆಗುವುದಿಲ್ಲ. ಬಂದರೂ ಆ ಕಿರಣಗಳನ್ನು ವಾತಾವರಣವೇ ತಡೆಯುತ್ತದೆ.

2022ರ ಅಕ್ಟೋಬರ್ 9ರಂದು, ಈವರೆಗೆ ಕಂಡ ಅತಿ ಪ್ರಖರ ಸ್ಫೋಟದ ಬೆಳಕು ನಮ್ಮನ್ನು ತಲುಪಿತು. ಸುಮಾರು 200 ಕೋಟಿ ವರ್ಷ ಸಾಗಿ ಬಂದ ಬೆಳಕು ಅದು! ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಉಳಿದದ್ದು ಹಿಂಬೆಳಕು, ಅಂದರೆ ಸ್ಫೋಟದ ನಂತರವೂ ಉಳಿಯುವ ಬೆಳಕು. ಒಲೆಯ ಕೆಂಡದ ಹಾಗೆ ಅದು ದಿನದಿನಕ್ಕೆ ಮಂಕಾಗುತ್ತದೆ. ಅದಕ್ಕೇ ಟೆಲಿಸ್ಕೋಪುಗಳು ಮತ್ತೆ ಮತ್ತೆ ಅಲ್ಲೇ ನೋಡುತ್ತವೆ. ಮಂಕಾಗುವ ವೇಗದಿಂದ ಸ್ಫೋಟದ ಶಕ್ತಿ, ಸುತ್ತಲಿನ ಅನಿಲದ ಸುಳಿವು ಸಿಗುತ್ತದೆ. ಲಡಾಖಿನ ಹಾನ್ಲೆಯಿಂದಲೂ ಅದನ್ನು ನೋಡಿದರು. ಅಲ್ಲಿನ 2 ಮೀಟರ್ ಟೆಲಿಸ್ಕೋಪನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಪಕ್ಕದ ಹೊಸಕೋಟೆಯಿಂದ. ಫಾರ್ವರ್ಡ್ ಮಾಡಬೇಕಾದ ಸುದ್ದಿ ಇದು, ಅಲ್ವಾ?