ಹಬ್ಬದ ದಿನ ಬಿಟ್ಟು ಮಿಕ್ಕೆಲ್ಲ ದಿನ ಸಿಗುವ ಬನ್ನು

2024ರ ಡಿಸೆಂಬರ್ 26. ಮೆಲ್ಬರ್ನ್‌ನ ಎಂಸಿಜಿ ಕ್ರಿಕೆಟ್ ಮೈದಾನದಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ಶುರುವಾಗುವ ದಿನ. ಮ್ಯಾಚಿಗೆ ಹೊರಟಿದ್ದ ನಾನು ನಾಲ್ಕು ಬಾಳೆಹಣ್ಣು, ಎರಡು ಬಾಟ್ಲಿ ನೀರು ತರೋಣ ಅಂತ ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ಗೆ ಹೋದೆ. ಕ್ರಿಸ್‌ಮಸ್ ಪುಡಿಂಗುಗಳು ಅರ್ಧ ಬೆಲೆಯ ಚೀಟಿ ಅಂಟಿಸಿಕೊಂಡು ಒಂದು ಮೂಲೆಯಲ್ಲಿ ಮುಖ ಬಾಡಿಸಿ ಕೂತಿದ್ದವು. ಬಾಗಿಲಿಗೆ ಎದುರಾಗಿ, ನನ್ನ ಎದೆಯೆತ್ತರ ಪೇರಿಸಿಟ್ಟಿದ್ದು ಹಾಟ್ ಕ್ರಾಸ್ ಬನ್.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ಚಕ್ಕೆ, ಜಾಯಿಕಾಯಿ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಹಾಕಿದ ಮೆತ್ತನೆಯ ಸಿಹಿ ಬನ್. ಮೈದಾ ಮತ್ತು ನೀರು ಕಲಸಿ, ನೆತ್ತಿಯ ಮೇಲೆ ಶಿಲುಬೆ ಗೀರಿರುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ದಿನದ ನೆನಪಿಗೆ, ಗುಡ್ ಫ್ರೈಡೇ ದಿನ ತಿನ್ನುವ ತಿಂಡಿ. ಗುಡ್ ಫ್ರೈಡೇ ಬರುವುದು ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ. ನಾನು ನೋಡುತ್ತಾ ನಿಂತಿದ್ದಿದ್ದು ಕ್ರಿಸ್‌ಮಸ್‌ನ ಮರುದಿನ.

ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಲ್ವೋ, ನಿನ್ನೆ ತಾನೇ ಮಗು ಹುಟ್ಟಿದ್ದು? ತೊಟ್ಟಿಲ ಶಾಸ್ತ್ರಕ್ಕಾದ್ರೂ ಕಾಯಬಾರದಾ?" ಅಂದರು.

ಕಾಯೋದಿಲ್ಲ. ಆಸ್ಟ್ರೇಲಿಯಾದ ದಿನಸಿ ವ್ಯಾಪಾರದಲ್ಲಿ ಮೂರರಲ್ಲಿ ಎರಡು ಪಾಲು ವೂಲ್ವರ್ತ್ಸ್ ಮತ್ತು ಕೋಲ್ಸ್ ಎಂಬ ಎರಡೇ ಕಂಪನಿಗಳ ಕೈಯಲ್ಲಿದೆ. ಒಬ್ಬರು ಬನ್ ಇಟ್ಟರು ಅಂದರೆ ಇನ್ನೊಬ್ಬರ ಹೊಟ್ಟೆ ಉರಿಯುತ್ತದೆ. ಹಬ್ಬ ಯಾವಾಗ ಅಂತ ನೋಡೋಕೆ ಈ ದೇಶದಲ್ಲಿ ಪಂಚಾಂಗ ಬೇಕಿಲ್ಲ. ಪಕ್ಕದ ಅಂಗಡಿ ನೋಡಿದರೆ ಸಾಕು.

ಇದರ ಜೊತೆಗೆ ಪ್ರತಿವರ್ಷ ಒಂದು ಕೋಪದ ಹಬ್ಬವೂ ನಡೆಯುತ್ತದೆ. "ಇಷ್ಟು ಬೇಗನಾ!" ಅಂತ ರೇಡಿಯೋದವರು, ಟಿವಿಯವರು ಬಾಯಿ ಬಡಿದುಕೊಳ್ಳುತ್ತಾರೆ. ಗ್ರಾಹಕರೇ ಕೇಳುತ್ತಾರೆ, ನಾವೇನು ಮಾಡೋಣ ಅಂತ ಕಂಪನಿಯವರು ಹೇಳುತ್ತಾರೆ. ಯಾರಪ್ಪಾ ಈ ಗ್ರಾಹಕರು ಅಂತ ನನಗೂ ಕುತೂಹಲವಿತ್ತು. ಅವತ್ತು ಆ ರಾಶಿ ಮುಂದೆ ಐದು ನಿಮಿಷ ನಿಂತೆ. ಬಂದವರೆಲ್ಲ ತಲೆ ಅಲ್ಲಾಡಿಸಿದರು. ಒಬ್ಬ ಅಜ್ಜಿ "ನಾಚಿಕೆಗೇಡು" ಅಂತ ನನಗೆ ಕೇಳುವ ಹಾಗೆ ಗೊಣಗಿದರು. ಗೊಣಗುತ್ತಲೇ ಎರಡು ಪ್ಯಾಕೆಟ್ ಟ್ರಾಲಿಗೆ ಹಾಕಿಕೊಂಡರು.

ನಾನು ಒಂದೇ ಹಾಕಿಕೊಂಡೆ. ನನ್ನ ಸಿಟ್ಟು ಅಷ್ಟು ಜಾಸ್ತಿ ಇರಲಿಲ್ಲ.

ಆರರ ಪ್ಯಾಕೆಟ್. ಭಾರತ ಆ ಟೆಸ್ಟನ್ನು 184 ರನ್‌ಗಳಿಂದ ಸೋತ ಹೊತ್ತಿಗೆ, ಅಂದರೆ ಡಿಸೆಂಬರ್ 30ರ ಸಂಜೆಗೆ, ಒಂದೂ ಉಳಿದಿರಲಿಲ್ಲ. ದುಃಖಕ್ಕೆ ಬೆಣ್ಣೆ ಸವರಿದ ಬನ್ ಚೆನ್ನಾಗಿ ಹೊಂದುತ್ತದೆ. ಈ ಬನ್ ಹುಟ್ಟಿದ್ದೂ ದುಃಖದ ದಿನಕ್ಕೇ ಅಲ್ವಾ?

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಕಾಲದಲ್ಲಿ ಕಟ್ಟುನಿಟ್ಟಿತ್ತು. 1592ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಲಂಡನ್ ಬೇಕರಿಗಳಿಗೆ ಒಂದು ಆಜ್ಞೆ ಬಂತು. ಮಸಾಲೆ ಹಾಕಿದ ಬನ್ನು, ಬ್ರೆಡ್ಡು ಮಾರುವ ಹಾಗಿಲ್ಲ. ಮಾರಬಹುದಾದ ಸಂದರ್ಭ ಮೂರೇ ಮೂರು: ಗುಡ್ ಫ್ರೈಡೇ, ಕ್ರಿಸ್‌ಮಸ್ ಮತ್ತು ಯಾರನ್ನಾದರೂ ಮಣ್ಣು ಮಾಡುವ ದಿನ. ತಪ್ಪಿದರೆ ಮಾಲು ಮುಟ್ಟುಗೋಲು, ಎಲ್ಲ ಬಡವರ ಪಾಲು. ಈ ಆಜ್ಞೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನವರಿಯಲ್ಲಿ ಇಲ್ಲಿ ನಡುಬೇಸಿಗೆ. ಒಮ್ಮೊಮ್ಮೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಾಟ್ ಕ್ರಾಸ್ ಬನ್ನಿನ 'ಹಾಟ್' ಅಂಗಡಿಯಿಂದ ಕಾರಿಗೆ ನಡೆಯುವಷ್ಟರಲ್ಲಿ ಪುಕ್ಕಟೆ ಸಿಗುತ್ತದೆ. ಗುಡ್ ಫ್ರೈಡೇ ದಿನ ಸುಟ್ಟ ಬನ್ ವರ್ಷವಿಡೀ ಬೂಸ್ಟು ಹಿಡಿಯೋದಿಲ್ಲ ಅಂತ ಇಂಗ್ಲೆಂಡಿನ ಹಳಬರು ನಂಬಿದ್ದರು. ಒಂದನ್ನು ಮನೆಯಲ್ಲಿ ತೂಗುಹಾಕಿ, ಕಾಯಿಲೆ ಬಂದಾಗ ತುರಿದು ಔಷಧಿಯಂತೆ ಕೊಡುತ್ತಿದ್ದರಂತೆ. ಜನವರಿಯಲ್ಲಿ ನಾನು ತಂದ ಎರಡನೇ ಪ್ಯಾಕೆಟ್ ಅಡುಗೆಕಟ್ಟೆಯ ಮೇಲೆ ನಾಲ್ಕನೇ ದಿನಕ್ಕೆ ಹಸಿರು ಮೀಸೆ ಬಿಟ್ಟಿತು. ಅಷ್ಟು ಮುಂಚೆ ಬಂದದ್ದಕ್ಕೆ ಪವಾಡ ಮಾಡೋಕೆ ಅದಕ್ಕೂ ಮನಸ್ಸಿರಲಿಲ್ಲವೇನೋ.

ಫೆಬ್ರವರಿ ಹೊತ್ತಿಗೆ ಬರೀ ಬನ್ ಬೇಜಾರಾಗುತ್ತದೆ. ಆಗಲೇ ಬೇಕಲ್ಲ, ಎರಡು ತಿಂಗಳಾಯ್ತು. ಆಮೇಲೆ ಶುರು ನೋಡಿ. ಚಾಕಲೇಟ್ ಬನ್, ಸೇಬು-ಚಕ್ಕೆ ಬನ್, ದ್ರಾಕ್ಷಿ ಇಲ್ಲದ ಬನ್. ಚೀಸ್ ಹಾಕಿದ ಖಾರದ ಬನ್ ಕೂಡ ಉಂಟು. ಒಂದು ಕಡೆ ವೆಜಿಮೈಟನ್ನೂ ಸೇರಿಸಿದರು. ವೆಜಿಮೈಟ್ ಅಂದರೆ ಇಲ್ಲಿಯವರು ಬ್ರೆಡ್ಡಿಗೆ ಸವರುವ, ಉಪ್ಪುಪ್ಪಾದ, ಕರಿ ಅಂಟು. ಖಾರದ ಬನ್ನೇ ಬೇಕು ಅಂದರೆ ನಮ್ಮ ಅಯ್ಯಂಗಾರ್ ಬೇಕರಿಯವರು ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಎಂದೋ ಮಾಡಿಟ್ಟಿದ್ದಾರೆ. ಅವರು ಅದಕ್ಕೆ ಖಾರಾ ಬನ್ ಅಂತಷ್ಟೇ ಹೆಸರಿಟ್ಟರು. ಯಾವ ದೇವರನ್ನೂ ಸಾಕ್ಷಿಗೆ ಕರೆಯಲಿಲ್ಲ.

ಈ ನಡುವೆ ಪರೀಕ್ಷೆಯೂ ಆಗುತ್ತದೆ. ಚಾಯ್ಸ್ ಎಂಬ ಗ್ರಾಹಕರ ಸಂಸ್ಥೆ ಸೂಪರ್‌ಮಾರ್ಕೆಟ್ ಬನ್‌ಗಳನ್ನು ಬಲ್ಲವರಿಗೆ ತಿನ್ನಿಸಿ ಅಂಕ ಕೊಡಿಸುತ್ತದೆ. ನಮ್ಮ ಆಫೀಸಿನಲ್ಲಿ ಆ ಅಂಕಪಟ್ಟಿಯನ್ನು ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಾಗೆ ನೋಡುತ್ತಾರೆ. "ಹೋದ ವರ್ಷ ಫಸ್ಟ್ ಬಂದಿತ್ತು ಪಾಪ, ಈ ಸಲ ಏನಾಯ್ತೋ" ಅಂತ ಮರುಗುತ್ತಾರೆ. ಬನ್ನನ್ನು ಟೋಸ್ಟ್ ಮಾಡಬೇಕೋ ಬೇಡವೋ ಅನ್ನುವ ಮಾತಿಗೆ ಇಬ್ಬರು ಮ್ಯಾನೇಜರುಗಳು ಒಂದು ವಾರ ಮುಖ ತಿರುಗಿಸಿಕೊಂಡಿದ್ದರು. ಬಜೆಟ್ ಮೀಟಿಂಗಿನಲ್ಲಿ ಅವರು ಅಷ್ಟು ಕಾವು ತೋರಿಸಿದ್ದನ್ನು ನಾನು ಕಂಡಿಲ್ಲ.

ಆದರೆ ಬಹುಮಾನ ಕೊಡಬೇಕಾದ್ದು ಬ್ರಿಟನ್ನಿಗೆ. ಅಲ್ಲಿ ಐಸ್‌ಲ್ಯಾಂಡ್ ಅಂತ ಒಂದು ಅಂಗಡಿ ಸರಣಿ ಇದೆ. ದೇಶವಲ್ಲ, ಅಂಗಡಿ. 2024ರಲ್ಲಿ ಅವರು ಗ್ರಾಹಕರನ್ನು ಕೇಳಿ ನೋಡಿದರು, ಕೆಲವರಿಗೆ ಶಿಲುಬೆ ಅಷ್ಟು ಹಿಡಿಸಿರಲಿಲ್ಲ. ಸರಿ, ಪ್ರಯೋಗಕ್ಕೆ ಅಂತ ಶಿಲುಬೆ ತೆಗೆದು ಬನ್ನಿನ ಮೇಲೆ ಟಿಕ್ ಗುರುತು ಹಾಕಿದರು! ಮೇಷ್ಟ್ರು ಲೆಕ್ಕದ ಪುಸ್ತಕದಲ್ಲಿ ಹಾಕುವ ರೈಟ್ ಮಾರ್ಕು. ಹಾಟ್ ಕ್ರಾಸ್ ಬನ್ ತಪ್ಪು, ಹಾಟ್ ಟಿಕ್ ಬನ್ ಸರಿ.

ನಗಬೇಡಿ, ನಮಗೂ ಬರುತ್ತದೆ. ದೀಪಾವಳಿಯ ಮರುದಿನವೇ ಯುಗಾದಿಯ ಬೇವು-ಬೆಲ್ಲ ಆರರ ಪ್ಯಾಕೆಟ್ಟಿನಲ್ಲಿ ಬರುವ ಕಾಲ ದೂರವಿಲ್ಲ. ಮೊದಲ ವರ್ಷ ಚಾಕಲೇಟ್ ಬೇವು-ಬೆಲ್ಲ. ಎರಡನೇ ವರ್ಷ ಸಮೀಕ್ಷೆ ಮಾಡಿ, ಗ್ರಾಹಕರಿಗೆ ಕಹಿ ಇಷ್ಟವಿಲ್ಲ ಅಂತ ಬೇವನ್ನು ತೆಗೆದುಬಿಡುತ್ತಾರೆ. ಬರೀ ಬೆಲ್ಲವನ್ನು ಬೇವಿನ ರೇಟಿಗೆ ಕೊಂಡು ನಾವು ಫೋಟೋ ಹಾಕುತ್ತೇವೆ.

ಇರಲಿ. 2025ರ ಗುಡ್ ಫ್ರೈಡೇ ಬಂದಿದ್ದು ಏಪ್ರಿಲ್ 18ಕ್ಕೆ. ಡಿಸೆಂಬರ್ 26ರಿಂದ ಅದರ ಹಿಂದಿನ ದಿನದವರೆಗೆ ಲೆಕ್ಕ ಹಾಕಿದರೆ 113 ದಿನ ಬನ್ ವ್ಯಾಪಾರ. ನಾವೂ ತಿಂದು ತಿಂದು ಸಾಕಾಗಿ ಮಾರ್ಚ್‌ನಲ್ಲೇ ಬಿಟ್ಟಿದ್ದೆವು. ಆದರೂ ಅವತ್ತು ಬೆಳಿಗ್ಗೆ, ಹಬ್ಬದ ದಿನ ಒಂದಾದರೂ ತಿನ್ನಬೇಕು ಅಂತ ಮಗಳು ಹಟ ಹಿಡಿದಳು. ಸರಿ, ಕಾರು ತೆಗೆದೆ.

ಅಂಗಡಿ ಮುಚ್ಚಿತ್ತು. ಇನ್ನೊಂದಕ್ಕೆ ಹೋದೆ. ಅದೂ ಮುಚ್ಚಿತ್ತು. ಗಾಜಿನ ಬಾಗಿಲಿನ ಆಚೆ ಬನ್ ರಾಶಿ ಕಾಣುತ್ತಿತ್ತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳಿಗೆ ಗುಡ್ ಫ್ರೈಡೇ ದಿನ ಕಡ್ಡಾಯ ರಜೆ. ಕ್ರಿಸ್‌ಮಸ್ ದಿನವೂ ರಜೆ.

ಈಗ ಆ 1592ರ ಆಜ್ಞೆ ನೆನಪಿಸಿಕೊಳ್ಳಿ. ಅದು ಯಾವ ಎರಡು ಹಬ್ಬಕ್ಕೆ ಮಾರಿ ಅಂದಿತ್ತೋ ಆ ಎರಡು ದಿನ ಇಲ್ಲಿ ಮಾರೋದಿಲ್ಲ. ಯಾವ ದಿನ ಬೇಡ ಅಂದಿತ್ತೋ ಆ ದಿನಗಳಲ್ಲೆಲ್ಲ ಎದೆಯೆತ್ತರ ಪೇರಿಸಿಡುತ್ತಾರೆ. ಆಜ್ಞೆಯನ್ನು ತಲೆಕೆಳಗಾಗಿ ಇಷ್ಟು ಚೊಕ್ಕವಾಗಿ ಪಾಲಿಸೋದು ಸುಮ್ನೆ ಮಾತಲ್ಲ. ಅದು ಹೇಳಿದ ಮೂರರಲ್ಲಿ ಉಳಿದಿರುವುದು ಸಾವಿನ ಮನೆ ಒಂದೇ. ಅದನ್ನು ನಂಬಿಕೊಂಡು ಮಗಳಿಗೆ ಏನು ಹೇಳೋದು?

ಬರಿಗೈಯಲ್ಲಿ ಮನೆಗೆ ಬಂದೆ. ಅಷ್ಟರಲ್ಲಿ ಬೆಂಗಳೂರಿನಿಂದ ಅಕ್ಕನ ಫೋಟೋ ಬಂದಿತ್ತು. ಫ್ರೇಜರ್ ಟೌನ್ ಬೇಕರಿಯಿಂದ ತಂದಿದ್ದಂತೆ, ಇನ್ನೂ ಬಿಸಿ ಇದೆಯಂತೆ, ನಾಲ್ಕು ಬನ್ನು ಸ್ಟೀಲ್ ತಟ್ಟೆಯಲ್ಲಿ ಹೊಳೆಯುತ್ತಾ ಕೂತಿದ್ದವು. ಅದನ್ನು ಮಗಳಿಗೆ ತೋರಿಸಲಿಲ್ಲ.

ಹೆಂಡತಿ ಫ್ರೀಜರ್ ಕೆದಕಿದಳು. ತುರಿದ ಕಾಯಿ, ಬಿಡಿಸಿಟ್ಟ ಬಟಾಣಿ, ಊರಿಂದ ತಂದ ಹಿತಕಿದ ಅವರೆ, ಎಲ್ಲದರ ಅಡಿಯಲ್ಲಿ ಒಂದೇ ಒಂದು ಬನ್ ಸಿಕ್ಕಿತು. ಜನವರಿಯದ್ದು. ಮಂಜುಗಟ್ಟಿ ಕಲ್ಲಾಗಿತ್ತು. ಕಾಯಿಯ ಡಬ್ಬಿ ಕೂತು ಶಿಲುಬೆಯ ಎರಡು ತೋಳು ಉದುರಿಹೋಗಿದ್ದವು. ಮಗಳು ಅದನ್ನು ಸ್ವಲ್ಪ ವಾರೆ ಹಿಡಿದು ನೋಡಿದಳು.

"ಅಪ್ಪಾ, ರೈಟ್ ಮಾರ್ಕ್!" ಅಂದಳು.