ನಕ್ಷೆ ಬರೆಯುವ ಮೊದಲು ನೆಲ ನೋಡಿ

ಜಮೀನು ಕೊಂಡಾಗಿದೆ. ಸಾಲ ಮಂಜೂರಾಗಿದೆ. ಎಷ್ಟು ಮನೆ, ಎಷ್ಟು ಮಹಡಿ, ಪಾರ್ಕಿಂಗ್ ಎಲ್ಲಿ ಅನ್ನುವುದೆಲ್ಲ ನಕ್ಷೆಯಲ್ಲಿ ಬಂದಾಗಿದೆ. ಆಮೇಲೆ ಯಾರೋ ನೆನಪಿಸುತ್ತಾರೆ: ಅರ್ಜಿ ಜೊತೆ ಪರಿಸರ ಅಪಾಯದ ವರದಿ ಲಗತ್ತಿಸಬೇಕಂತೆ, ಬೇಗ ಒಂದು ಮಾಡಿಸಿಬಿಡಿ.

ಎಷ್ಟೋ ಕಡೆ ಈ ವರದಿ ಹುಟ್ಟುವುದೇ ಹೀಗೆ. ನನ್ನ ತಕರಾರು ಇರುವುದೂ ಇಲ್ಲೇ. ಈ ವರದಿ ನಕ್ಷೆಗಿಂತ ಮೊದಲು ಬರಬೇಕು. ಸಾಧ್ಯವಾದರೆ ಜಮೀನು ಕೊಳ್ಳುವುದಕ್ಕೂ ಮೊದಲು. ತಡವಾಗಿ ಬಂದ ವರದಿ ಎಷ್ಟೇ ದಪ್ಪ ಇರಲಿ, ಅದರ ಕೈ ಕಟ್ಟಿರುತ್ತದೆ. ಮೊದಲೇ ಕೇಳಿದ್ದರೆ "ಈ ನೆಲಕ್ಕೆ ಏನು ಒಗ್ಗುತ್ತದೆ?" ಅಂತ ಕೇಳುತ್ತಿದ್ದೆವು. ತಡವಾದಾಗ "ಈ ನಕ್ಷೆಗೆ ಒಪ್ಪಿಗೆ ಸಿಗಬೇಕಾದರೆ ಏನು ಬರೆಯಬೇಕು?" ಅಂತ ಕೇಳುತ್ತೇವೆ. ಬರೆಯುವವರು ಪ್ರಾಮಾಣಿಕರೇ ಇರಬಹುದು. ಆದರೂ ಈ ಮೂಲೆ ಖಾಲಿ ಬಿಡಿ, ಆಟದ ಮೈದಾನ ಆ ಕಡೆ ಸರಿಸಿ ಅನ್ನುವ ಮಾತು ಆ ಹೊತ್ತಿಗೆ ಯಾರಿಗೂ ಬೇಕಿರುವುದಿಲ್ಲ.

ಕಾನೂನು ಮಾಡಿದವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ಜಾರಿಗೆ ಬಂದದ್ದು 1970ರ ಜನವರಿ 1ರಂದು. ಸರ್ಕಾರ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಅದರ ಪರಿಣಾಮ ಏನು, ಬೇರೆ ದಾರಿ ಇದೆಯಾ ಅಂತ ನೋಡಲೇಬೇಕು ಅಂದಿತು ಆ ಕಾಯ್ದೆ. 1985ರಲ್ಲಿ ಯುರೋಪ್ ತನ್ನ ನಿಯಮ ತಂದಿತು. 1992ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಹೊರಟ ರಿಯೋ ಘೋಷಣೆಯ 17ನೇ ತತ್ವವೂ ಇದನ್ನೇ ಹೇಳುತ್ತದೆ. ಎಲ್ಲದರ ತಿರುಳು ಒಂದೇ, ನಿರ್ಧಾರಕ್ಕಿಂತ ಮೊದಲು ತಿಳಿದುಕೊಳ್ಳಿ. ನಾವು ಅದನ್ನು ನಿರ್ಧಾರದ ಹಿಂದೆ ಪಿನ್ ಹೊಡೆಯುವ ಕಾಗದ ಮಾಡಿಕೊಂಡಿದ್ದೇವೆ.

ಹೀಗೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ನಗರದ ಲವ್ ಕೆನಾಲ್ ನೋಡಿ. ಅದು 19ನೇ ಶತಮಾನದ ಕೊನೆಯಲ್ಲಿ ಅಗೆಯಲು ಶುರುಮಾಡಿ ಅರ್ಧಕ್ಕೇ ಬಿಟ್ಟ ಕಾಲುವೆ. 1942ರಿಂದ ಸುಮಾರು ಹತ್ತು ವರ್ಷ ಹೂಕರ್ ಕೆಮಿಕಲ್ ಕಂಪನಿ ಅದರಲ್ಲಿ 20 ಸಾವಿರ ಟನ್ನಿಗೂ ಹೆಚ್ಚು ರಾಸಾಯನಿಕ ತ್ಯಾಜ್ಯ ಸುರಿಯಿತು. ಮೇಲೆ ಜೇಡಿಮಣ್ಣು ಹೊದಿಸಿತು. 1953ರಲ್ಲಿ ಆ ಜಾಗವನ್ನು ಅಲ್ಲಿನ ಶಾಲಾ ಮಂಡಳಿಗೆ 1 ಡಾಲರಿಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕ ತ್ಯಾಜ್ಯ ಇದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಕ್ರಯಪತ್ರದಲ್ಲೇ ಬರೆದಿತ್ತು.

ಅಂದರೆ ಮಾಹಿತಿ ಕಾಗದದಲ್ಲೇ ಇತ್ತು. ಆದರೂ ಅಲ್ಲಿ ಶಾಲೆ ಕಟ್ಟಿದರು. ಸುತ್ತ ಮನೆಗಳು ಬಂದವು. ರಸ್ತೆಗೆ, ಒಳಚರಂಡಿಗೆ ಅಂತ ಅಗೆದಾಗ ಮೇಲಿನ ಜೇಡಿಮಣ್ಣಿನ ಹೊದಿಕೆಯೂ ಒಡೆಯಿತು, ಕಾಲುವೆಯ ಪಕ್ಕದ ಗೋಡೆಯೂ ಒಡೆಯಿತು. 1970ರ ದಶಕದ ಮಧ್ಯದಲ್ಲಿ ಮಳೆ, ಹಿಮ ಜಾಸ್ತಿಯಾಗಿ ನೆಲದೊಳಗಿನ ನೀರು ಮೇಲೇರಿತು. ಅದರ ಜೊತೆ ರಾಸಾಯನಿಕ ನೆಲಮಾಳಿಗೆಗಳಿಗೆ, ಹಿತ್ತಲುಗಳಿಗೆ ಬಂತು. 1978ರ ಆಗಸ್ಟ್‌ನಲ್ಲಿ ಮೊದಲು ರಾಜ್ಯ, ಆಮೇಲೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು. ಶಾಲೆ ಮುಚ್ಚಿತು. ನೂರಾರು ಕುಟುಂಬಗಳು ಮನೆ ಬಿಟ್ಟವು. ಅಲ್ಲೇ ವಾಸವಿದ್ದ ಲೋಯಿಸ್ ಗಿಬ್ಸ್ ಅನ್ನುವ ತಾಯಿ ಮನೆಮನೆ ತಿರುಗಿ ಜನರನ್ನು ಒಟ್ಟುಗೂಡಿಸಿದರು. ಆ ಹೋರಾಟ ಇಲ್ಲದಿದ್ದರೆ ಕಲುಷಿತ ಜಾಗಗಳನ್ನು ಶುದ್ಧ ಮಾಡಿಸುವ 1980ರ ಸೂಪರ್‌ಫಂಡ್ ಕಾನೂನು ಅಷ್ಟು ಬೇಗ ಬರುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಲವ್ ಕೆನಾಲ್‌ನಲ್ಲಿ ನನ್ನನ್ನು ಕಾಡುವುದು ಆ ಚರಂಡಿ ಪೈಪು. ವಿಷ ಅಲ್ಲಿ ಮೊದಲಿಂದಲೂ ಇತ್ತು. ಅದು ಮನೆಯೊಳಗೆ ಬರಲು ದಾರಿ ಮಾಡಿಕೊಟ್ಟದ್ದು ನಂತರ ಮಾಡಿದ ಕಟ್ಟಡದ ಕೆಲಸ.

ಅಪಾಯ ಅಂದಾಜು ಮಾಡುವವರು ಮೂರು ಸಂಗತಿ ಹುಡುಕುತ್ತಾರೆ. ಅಪಾಯದ ಮೂಲ ಏನು, ಅದು ಯಾವ ದಾರಿಯಲ್ಲಿ ಬರುತ್ತದೆ, ಕೊನೆಗೆ ಯಾರನ್ನು ತಲುಪುತ್ತದೆ. ಮೂರೂ ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಅಪಾಯ. ಇಂಗ್ಲೆಂಡಿನಲ್ಲಿ 2000ದಿಂದ ಜಾರಿಯಲ್ಲಿರುವ ಕಲುಷಿತ ನೆಲದ ಕಾನೂನು ನಿಂತಿರುವುದೇ ಈ ಲೆಕ್ಕದ ಮೇಲೆ. ಹಳೇ ಪೆಟ್ರೋಲ್ ಬಂಕಿನ ಜಾಗದಲ್ಲಿ ಎಣ್ಣೆ ಇಂಗಿರಬಹುದು. ಮೇಲೆ ಕಾಂಕ್ರೀಟ್ ಹಾಕಿ ವಾಹನ ನಿಲ್ಲಿಸಿದರೆ ಮಣ್ಣು ಮುಟ್ಟುವವರು ಯಾರೂ ಇಲ್ಲ. ಅದೇ ಜಾಗದಲ್ಲಿ ಮನೆ ಕಟ್ಟಿ ಹಿತ್ತಲಲ್ಲಿ ಸೊಪ್ಪು ಬೆಳೆದರೆ ಲೆಕ್ಕ ಪೂರ್ತಿ ಬೇರೆ. ಬೋರ್‌ವೆಲ್ ಕೊರೆದರೆ ಇನ್ನೂ ಬೇರೆ. ಮನೆಗಳ ಜಾಗದ ಮಣ್ಣಿನಲ್ಲಿ ವಿಷ ಎಷ್ಟರವರೆಗೆ ಇರಬಹುದು ಅಂತ ಮಿತಿ ಲೆಕ್ಕ ಹಾಕುವಾಗ ಬ್ರಿಟನ್ನಿನಲ್ಲಿ 6 ವರ್ಷದೊಳಗಿನ ಹೆಣ್ಣುಮಗುವನ್ನು ಎದುರಿಗಿಟ್ಟುಕೊಳ್ಳುತ್ತಾರೆ. ಮಗು ಮಣ್ಣಲ್ಲಿ ಆಡುತ್ತದೆ, ಕೈ ಬಾಯಿಗೆ ಹಾಕುತ್ತದೆ, ಅದರ ತೂಕ ಕಡಿಮೆ. ಹಾಗಾಗಿ ಮಣ್ಣಿನ ಪರೀಕ್ಷೆಯ ಅಂಕಿ ಎಷ್ಟು ಬಂತು ಅನ್ನುವುದರಷ್ಟೇ ಮುಖ್ಯ, ಆ ಮಣ್ಣಿನ ಮೇಲೆ ಏನು ಬರುತ್ತದೆ ಅನ್ನುವುದು. ಏನು ಬರುತ್ತದೆ ಅನ್ನುವುದನ್ನು ನಿರ್ಧರಿಸುವುದು ನಕ್ಷೆ. ವರದಿ ಮೊದಲು ಬರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮೊದಲ ಹಂತದ ಕೆಲಸಕ್ಕೆ ದೊಡ್ಡ ಯಂತ್ರವೂ ಬೇಡ. ಹಳೇ ನಕ್ಷೆಗಳು, ಹಳೇ ವೈಮಾನಿಕ ಚಿತ್ರಗಳು, ಭೂದಾಖಲೆ, ಮೊದಲಿದ್ದ ಕಾರ್ಖಾನೆಯ ಪರವಾನಗಿ, ನೆಲದಡಿಯ ಕಲ್ಲು-ಮಣ್ಣಿನ ಮಾಹಿತಿ ಇಷ್ಟನ್ನು ಕೂತು ಓದಬೇಕು. ಆಮೇಲೆ ಜಾಗದ ಮೇಲೆ ನಿಧಾನವಾಗಿ ನಡೆಯಬೇಕು. ಒಂದು ಕಡೆ ಮಾತ್ರ ಹುಲ್ಲು ಒಣಗಿದೆಯಾ? ನೆಲ ಕುಸಿದಿದೆಯಾ? ಮುಚ್ಚಿದ ಬಾವಿ ಇದೆಯಾ? ಅಕ್ಕಪಕ್ಕದ ವಯಸ್ಸಾದವರನ್ನು ಕೇಳಬೇಕು, ಇಲ್ಲಿ ಮೊದಲು ಏನಿತ್ತು ಅಂತ. ಮಣ್ಣು ಎಲ್ಲಿ ಅಗೆದು ನೋಡಬೇಕು ಅನ್ನುವುದು ತಿಳಿಯುವುದೇ ಇದರಿಂದ. ಈ ಹಂತ ಬಿಟ್ಟು ನೇರ ಪರೀಕ್ಷೆಗೆ ಹೋದರೆ ನಾಲ್ಕು ಮೂಲೆಯಲ್ಲಿ ನಾಲ್ಕು ಗುಂಡಿ ತೋಡಿ, ಎಲ್ಲ ಚೆನ್ನಾಗಿದೆ ಅಂತ ಬರೆದುಬಿಡಬಹುದು. ಕಸ ಹೂತಿದ್ದ ಹಳ್ಳ ಮಧ್ಯದಲ್ಲಿದ್ದರೆ? ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಭಾಗ ಇದು. ಜನ ಅವಸರದಲ್ಲಿ ಮುಗಿಸಿಬಿಡುವುದೂ ಇದನ್ನೇ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ.

ಇನ್ನೊಂದು, ಸಮಯ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಲಾಸ್ಕೋ ಅನ್ನುವ ಊರಿದೆ. 1986ರ ಮಾರ್ಚ್ 24ರ ಬೆಳಗ್ಗೆ ಅಲ್ಲಿನ ಒಂದು ಮನೆ ಸ್ಫೋಟಗೊಂಡು ನೆಲಸಮವಾಯಿತು. ಮೂವರಿಗೆ ಗಾಯವಾಯಿತು. ಹತ್ತಿರದಲ್ಲೇ ಕಸ ತುಂಬಿ ಮುಚ್ಚಿದ ಜಾಗ ಇತ್ತು. ಅದರೊಳಗೆ ಕಸ ಕೊಳೆತು ಮೀಥೇನ್ ಅನ್ನುವ ಬೆಂಕಿ ಹೊತ್ತುವ ಅನಿಲ ಹುಟ್ಟುತ್ತಿತ್ತು. ಕಲ್ಲಿನ ಬಿರುಕುಗಳಲ್ಲಿ ಹಾದು ಅದು ಮನೆಯ ಅಡಿಗೆ ಬಂದಿತ್ತು. ಅದರ ಹಿಂದಿನ ರಾತ್ರಿ ಕೆಲವೇ ಗಂಟೆಗಳಲ್ಲಿ ಗಾಳಿಯ ಒತ್ತಡ ಜೋರಾಗಿ ಇಳಿದಿತ್ತು. ಮೇಲಿನ ಒತ್ತಡ ಇಳಿದಾಗ ನೆಲದೊಳಗಿನ ಅನಿಲ ಹೊರಗೆ ನುಗ್ಗುತ್ತದೆ.

ಇದರ ಅರ್ಥ ಏನು? ಬಿಸಿಲು ಚೆನ್ನಾಗಿರುವ ದಿನ ಹೋಗಿ ಒಮ್ಮೆ ಅನಿಲ ಅಳೆದು ಬಂದರೆ ಏನೂ ಸಿಗದೇ ಇರಬಹುದು. ಒತ್ತಡ ಇಳಿಯುವ ದಿನವೂ ಅಳೆಯಬೇಕು. ಬೇರೆ ಬೇರೆ ಋತುವಿನಲ್ಲಿ ಅಳೆಯಬೇಕು. ನೆಲದೊಳಗಿನ ನೀರಿಗೂ ಇದೇ ಮಾತು. ಬೇಸಿಗೆಯಲ್ಲಿ ಆಳದಲ್ಲಿರುವ ನೀರು ಮಳೆಗಾಲದಲ್ಲಿ ಏರಿ ಬರುತ್ತದೆ. ಹಕ್ಕಿ, ಕಪ್ಪೆ, ಬಾವಲಿ ಎಣಿಸುವುದಕ್ಕೂ ಅವುಗಳದ್ದೇ ಕಾಲ ಇದೆ. ಕಪ್ಪೆ ಕೂಗದ ತಿಂಗಳಲ್ಲಿ ಹೋಗಿ ಇಲ್ಲಿ ಕಪ್ಪೆ ಇಲ್ಲ ಅಂತ ಬರೆದರೆ ಅದನ್ನು ಸಮೀಕ್ಷೆ ಅನ್ನುವುದಕ್ಕಾಗುತ್ತಾ? ಅರ್ಜಿ ಹಾಕಲು ಎರಡು ವಾರ ಇದೆ ಅನ್ನುವಾಗ ಶುರುವಾದ ಕೆಲಸಕ್ಕೆ ಈ ಯಾವ ತಾಳ್ಮೆಯೂ ಇರುವುದಿಲ್ಲ.

ನೆದರ್ಲೆಂಡ್ಸ್‌ನ ಲೆಕ್ಕರ್‌ಕೆರ್ಕ್ ಅನ್ನುವ ಊರಿನಲ್ಲಿ ರಾಸಾಯನಿಕ ತ್ಯಾಜ್ಯ ತುಂಬಿದ ಹಳ್ಳಗಳ ಮೇಲೆ ಹೊಸ ಬಡಾವಣೆ ಕಟ್ಟಿದ್ದರು. ಟೊಲ್ಯೂಯೀನ್‌ನಂಥ ದ್ರಾವಕಗಳು ಪ್ಲಾಸ್ಟಿಕ್ ಪೈಪಿನ ಗೋಡೆಯನ್ನೇ ದಾಟಿ ಕುಡಿಯುವ ನೀರಿಗೆ ಸೇರಿದವು. 1980ರಲ್ಲಿ ಜನರನ್ನು ಖಾಲಿ ಮಾಡಿಸಿ, ಮನೆಗಳ ಅಡಿಯಿಂದ ಸಾವಿರಕ್ಕೂ ಹೆಚ್ಚು ಪೀಪಾಯಿ ಹೊರತೆಗೆದರು. 1983ರಲ್ಲಿ ಮಣ್ಣು ಶುದ್ಧೀಕರಣಕ್ಕೆ ಅಂತಲೇ ಆ ದೇಶ ಕಾನೂನು ತಂದಿತು. ಪೈಪ್ ಯಾವುದರದ್ದು ಅನ್ನುವಷ್ಟು ಸಣ್ಣ ಆಯ್ಕೆ ಕೂಡ ಕೆಳಗಿನ ಮಣ್ಣು ನೋಡಿ ಮಾಡಬೇಕಾದದ್ದು.

ಪ್ರವಾಹದ ವಿಷಯಕ್ಕೆ ಬರುತ್ತೇನೆ. ವರದಿಗಳಲ್ಲಿ ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಅಂತ ಬರೆದಿರುತ್ತದೆ. ಓದಿದವರು ನಮ್ಮ ಕಾಲಕ್ಕೆ ಬರಲ್ಲ ಬಿಡಿ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಯಾವುದೇ ಒಂದು ವರ್ಷದಲ್ಲಿ ಅಂಥ ಪ್ರವಾಹ ಬರುವ ಸಾಧ್ಯತೆ ಶೇಕಡಾ 1. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇಕಡಾ 26. ನಾಲ್ಕರಲ್ಲಿ ಒಂದು ಪಾಲು! ಅದೂ ಹಳೇ ಮಳೆಯ ಲೆಕ್ಕದಲ್ಲಿ. ಹವಾಮಾನ ಬದಲಾಗುತ್ತಿರುವಾಗ ಹಳೇ ಲೆಕ್ಕವನ್ನೇ ನಂಬಿ ಕೂರುವುದು ಸರಿಯಲ್ಲ.

ಇಲ್ಲೇ ಪಕ್ಕದವರ ಮಾತೂ ಬರುತ್ತದೆ. ತಗ್ಗು ಜಾಗವನ್ನು ಮಣ್ಣು ತುಂಬಿ ಎತ್ತರಿಸಿದರೆ ಹೊಸ ಮನೆಗಳಿಗೆ ನೀರು ನುಗ್ಗಲ್ಲ, ನಿಜ. ಆದರೆ ಅಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ಕಾಂಕ್ರೀಟ್ ಆದ ನೆಲ ನೀರು ಇಂಗಿಸುವುದಿಲ್ಲ, ಸುಮ್ನೆ ಕೆಳಗಿನವರ ಕಡೆಗೆ ತಳ್ಳುತ್ತದೆ. ವರದಿಯ ಗೆರೆ ಕಾಂಪೌಂಡಿಗೇ ನಿಂತರೆ ಈ ಕೆಳಗಿನವರು ಲೆಕ್ಕಕ್ಕೇ ಸಿಗುವುದಿಲ್ಲ. ಹತ್ತು ಯೋಜನೆಗಳು ಒಂದೇ ಹಳ್ಳಕ್ಕೆ ನೀರು ಬಿಡುತ್ತಿದ್ದು, ಹತ್ತು ವರದಿಗಳೂ "ಪರಿಣಾಮ ಅಲ್ಪ" ಅಂತ ಬರೆದರೆ ಹಳ್ಳಕ್ಕೆ ಏನಾಗುತ್ತದೆ? ಆ ಹತ್ತನ್ನೂ ಕೂಡಿಸಿ ನೋಡುವ ಹೊಣೆ ಅನುಮತಿ ಕೊಡುವವರದ್ದು. ಒಂದೇ ಯೋಜನೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ನಿಯಮದ ಮಿತಿಗಿಂತ ಕೆಳಗೆ ಇಳಿಸಿ ತಂದರೆ ಹಿಡಿಯಬೇಕಾದವರೂ ಅವರೇ.

ಮನೆ ಬೇಕು, ಆಸ್ಪತ್ರೆ ಬೇಕು, ನೀವು ಎಲ್ಲದಕ್ಕೂ ಅಡ್ಡಗಾಲು ಹಾಕುತ್ತೀರಿ ಅನ್ನುವವರಿದ್ದಾರೆ. ನನಗೂ ಮನೆ ಆಗಬೇಕು. ಪಾಳು ಬಿದ್ದ ಕಾರ್ಖಾನೆ ಜಾಗದಲ್ಲಿ ಕಟ್ಟುವುದು ಹೊಲ, ಕಾಡು ಕಡಿದು ಕಟ್ಟುವುದಕ್ಕಿಂತ ಎಷ್ಟೋ ಒಳ್ಳೆಯದು ಅಂತಲೇ ನಾನು ನಂಬಿದ್ದೇನೆ. ಹೆಚ್ಚಿನ ಸಮಸ್ಯೆಗಳಿಗೆ ಪರಿಹಾರವೂ ಇದೆ. ತಳಪಾಯದಡಿ ಅನಿಲ ತಡೆಯುವ ಹಾಳೆ ಹಾಕಬಹುದು. ಕೆಟ್ಟ ಮಣ್ಣು ತೆಗೆದು ಒಳ್ಳೆ ಮಣ್ಣು ಹರಡಬಹುದು. ಮೊದಲೇ ಗೊತ್ತಿದ್ದರೆ ಇವೆಲ್ಲ ಬಜೆಟ್ಟಿನಲ್ಲಿ ಒಂದು ಸಾಲು. ಗುಂಡಿ ತೋಡಿದ ಮೇಲೆ ಗೊತ್ತಾದರೆ ಕೆಲಸ ನಿಲ್ಲುತ್ತದೆ, ಬಡ್ಡಿ ಓಡುತ್ತದೆ. ಜನ ಬಂದು ಸೇರಿದ ಮೇಲೆ ಗೊತ್ತಾದರೆ ಏನಾಗುತ್ತದೆ ಅಂತ ಲವ್ ಕೆನಾಲ್ ತೋರಿಸಿದೆ.

ಶುದ್ಧ ಮಾಡುವ ಕೆಲಸಕ್ಕೂ ಅದರದ್ದೇ ಅಂದಾಜು ಬೇಕು. ಇಂಗ್ಲೆಂಡಿನ ಕಾರ್ಬಿಯಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಆ ನೆಲ ಹಸನು ಮಾಡುವಾಗ ವಿಷದ ಕೆಸರನ್ನು ಲಾರಿಗಳಲ್ಲಿ ಊರ ರಸ್ತೆಗಳ ಮೇಲೆ ಸಾಗಿಸಿದರು. ಕೆಸರು ಚೆಲ್ಲಿತು, ಒಣಗಿ ಧೂಳಾಯಿತು. ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮಕ್ಕಳ ಕುಟುಂಬಗಳು ಕೋರ್ಟಿಗೆ ಹೋದವು. ಸ್ಥಳೀಯ ಆಡಳಿತ ನಿರ್ಲಕ್ಷ್ಯ ಮಾಡಿದೆ ಅಂತ 2009ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಒಳ್ಳೆಯದು ಮಾಡಲು ಹೊರಟ ಕೆಲಸವೇ ಅಪಾಯಕ್ಕೆ ಹೊಸ ದಾರಿ ತೆರೆದಿತ್ತು.

ಇನ್ನು ದುಡ್ಡಿನ ವಿಷಯ. ವರದಿ ಬರೆಯುವ ಕನ್ಸಲ್ಟೆಂಟಿಗೆ ಸಂಬಳ ಕೊಡುವುದು ಸಾಮಾನ್ಯವಾಗಿ ಕಟ್ಟುವವರೇ. ಖರ್ಚು ಅವರೇ ಹೊರಲಿ, ಅದು ನ್ಯಾಯ. ಆದರೆ ಯಾರು ಬರೆಯಬೇಕು ಅಂತ ಆರಿಸುವ ಅಧಿಕಾರ ಅನುಮತಿ ಕೊಡುವ ಸಂಸ್ಥೆ ಕೈಯಲ್ಲಿರಬೇಕು. ಹಣ ಅದರ ಮೂಲಕವೇ ಹೋಗಲಿ. ಪರೀಕ್ಷೆಯ ಮೂಲ ಅಂಕಿಗಳು, ಗುಂಡಿ ತೋಡಿದ ಜಾಗಗಳ ನಕ್ಷೆ, ಅಳತೆ ತೆಗೆದ ದಿನಾಂಕ ಎಲ್ಲ ಜನರಿಗೆ ಸಿಗಬೇಕು, ಅವರ ಭಾಷೆಯಲ್ಲಿ, ಆಕ್ಷೇಪಣೆ ಹೇಳಲು ಸಮಯ ಇರುವಾಗಲೇ.

ನಿಮ್ಮ ಪಕ್ಕದಲ್ಲಿ ಇಂಥ ಅರ್ಜಿ ಬಂದರೆ ವರದಿ ತರಿಸಿಕೊಂಡು ಓದಿ. ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ. ಮೊದಲು ತಾರೀಕು ನೋಡಿ, ವರದಿ ಹಳೆಯದಾ ನಕ್ಷೆ ಹಳೆಯದಾ ಅಂತ. ಈ ಜಾಗದಲ್ಲಿ ಮೊದಲು ಏನಿತ್ತು ಅಂತ ಬರೆದಿದ್ದಾರಾ, ನೀವು ಕಂಡದ್ದು ಅದರಲ್ಲಿ ಬಿಟ್ಟುಹೋಗಿದೆಯಾ ನೋಡಿ. ಎಷ್ಟು ಸಲ, ಯಾವ ಋತುವಿನಲ್ಲಿ ಅಳೆದರು ಅಂತ ಹುಡುಕಿ. ಅನುಮತಿ ಜೊತೆ ಹಾಕಿದ ಷರತ್ತುಗಳನ್ನು ಜನ ವಾಸಕ್ಕೆ ಬರುವ ಮೊದಲು ಯಾರು ಪರಿಶೀಲಿಸುತ್ತಾರೆ, ಆಮೇಲೆ ಎಷ್ಟು ವರ್ಷ ಅಳೆಯುತ್ತಾರೆ ಅಂತ ಕೇಳಿ. ಕೇಳುವುದನ್ನೆಲ್ಲ ಲಿಖಿತವಾಗಿ, ಗಡುವಿನೊಳಗೆ ಕೊಡಿ. ಸ್ವೀಕೃತಿ ಪತ್ರ ತೆಗೆದುಕೊಳ್ಳದೆ ಬರಬೇಡಿ.